ಸ್ಟೈನ್‌ಬೆಕ್ ಕತೆಗಳಲ್ಲಿ ಕಷ್ಟ ಮತ್ತು ಕೈಗೂಡದ ಕನಸು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಕತೆಗಳ ಕೊನೆಯಲ್ಲಿ ಏನಾಗುತ್ತದೆ ಅನ್ನುವುದೂ ಇಲ್ಲಿ ಬರುತ್ತದೆ. ಇನ್ನೂ ಏನನ್ನೂ ಓದದವರು 'ಆಫ್ ಮೈಸ್ ಅಂಡ್ ಮೆನ್' ಒಂದನ್ನಾದರೂ ಮುಗಿಸಿ ಬಂದರೆ ಒಳ್ಳೆಯದು. ಚಿಕ್ಕ ಪುಸ್ತಕ, ಒಂದು ಸಂಜೆ ಸಾಕು.

ಜಾನ್ ಸ್ಟೈನ್‌ಬೆಕ್ ಯಾರು?

ಅಮೆರಿಕದ ಕಾದಂಬರಿಕಾರ. ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನಲ್ಲಿ. ಅಮ್ಮ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಅಪ್ಪ ಮುಂದೆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಖಜಾಂಚಿ ಆದವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 1919ರಲ್ಲಿ ಸೇರಿ, ನಡುನಡುವೆ ಬಿಟ್ಟು ಹೋಗಿ ಬಂದು, 1925ರಲ್ಲಿ ಪದವಿ ಇಲ್ಲದೆಯೇ ಹೊರಬಿದ್ದರು. 1939ರಲ್ಲಿ ಬಂದ 'ದಿ ಗ್ರೇಪ್ಸ್ ಆಫ್ ರಾತ್' ಅವರನ್ನು ಮನೆಮಾತು ಮಾಡಿತು. 1962ರಲ್ಲಿ ನೊಬೆಲ್ ಸಿಕ್ಕಿತು. 1968ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಅವರ ಪಾತ್ರಗಳು ಕಾಣುವ ಕನಸು ಯಾವ ಥರದ್ದು?

ತುಂಬ ಚಿಕ್ಕವು. ಇದನ್ನು ಗಮನಿಸದೆ ಹೋದರೆ ಸ್ಟೈನ್‌ಬೆಕ್ ಅರ್ಥ ಆಗುವುದು ಕಷ್ಟ. ಅಮೆರಿಕದ ಕನಸು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ದೊಡ್ಡ ಬಂಗಲೆ, ಕಾರು, ಕೋಟಿ ಹಣ ಬರುತ್ತದೆ. ಇವರ ಜನಕ್ಕೆ ಅದ್ಯಾವುದೂ ಬೇಡ. 'ಆಫ್ ಮೈಸ್ ಅಂಡ್ ಮೆನ್' ಕತೆಯ ಕೂಲಿ ಆಳುಗಳಾದ ಜಾರ್ಜ್ ಮತ್ತು ಲೆನ್ನಿಗೆ ಬೇಕಾದದ್ದು ಹತ್ತು ಎಕರೆ, ಒಂದು ಗುಡಿಸಲು, ಹಣ್ಣಿನ ನಾಲ್ಕು ಗಿಡ, ಒಂದಿಷ್ಟು ಮೊಲ. 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ತಾಯಿ ಮಾ ಜೋಡ್ ಕಿತ್ತಳೆ ಮರದ ನಡುವೆ ಒಂದು ಬಿಳಿ ಮನೆ ಸಿಕ್ಕೀತೇನೋ ಅಂದುಕೊಳ್ಳುತ್ತಾಳೆ. 'ದಿ ಪರ್ಲ್' ಕತೆಯ ಕೀನೋಗೆ ಚರ್ಚಿನಲ್ಲಿ ಮದುವೆ ಆಗಬೇಕು, ಹೊಸ ಬಟ್ಟೆ ಬೇಕು, ಒಂದು ಬಂದೂಕು ಬೇಕು, ಮಗ ಶಾಲೆಗೆ ಹೋಗಿ ಅಕ್ಷರ ಕಲಿಯಬೇಕು. ಅಷ್ಟೇ.

ದುರಾಸೆ ಪಟ್ಟವರು ಬಿದ್ದರೆ ನಾವು 'ಆಗಬೇಕಾದ್ದೇ ಆಯ್ತು' ಅಂದು ಸುಮ್ಮನಾಗಬಹುದು. ಇಷ್ಟು ಕಡಿಮೆ ಕೇಳಿದವರಿಗೂ ಸಿಗಲಿಲ್ಲ ಅಂದಾಗ ಹಾಗೆ ಸುಮ್ಮನಿರಲು ಆಗುವುದಿಲ್ಲ.

ಹಾಗಾದರೆ ಕನಸುಗಳು ಮುರಿಯುವುದು ಯಾಕೆ? ಪಾತ್ರಗಳದ್ದೇ ತಪ್ಪಾ?

ನನ್ನ ಮಟ್ಟಿಗೆ ಸ್ಟೈನ್‌ಬೆಕ್‌ರ ದೊಡ್ಡ ಸಾಧನೆ ಇರುವುದು ಇಲ್ಲೇ. ವಿಧಿ, ಹಣೆಬರಹ ಅಂತ ಹೇಳಿ ಅವರು ಕೈತೊಳೆದುಕೊಳ್ಳುವುದಿಲ್ಲ. ಲೆಕ್ಕ ಹಾಕಿ ತೋರಿಸುತ್ತಾರೆ. ಯಾರಿಗೆ ಎಷ್ಟು ಸಿಕ್ಕಿತು, ಯಾರ ಜೇಬಿಗೆ ಎಷ್ಟು ಹೋಯಿತು, ಕೂಲಿ ಎಷ್ಟಿತ್ತು, ಅಂಗಡಿಯಲ್ಲಿ ಬೆಲೆ ಎಷ್ಟಿತ್ತು, ಎಲ್ಲ ಪುಸ್ತಕದೊಳಗೇ ಇದೆ.

'ದಿ ಗ್ರೇಪ್ಸ್ ಆಫ್ ರಾತ್' ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಕೀಳಲು ಜನ ಬೇಕು ಅನ್ನುವ ಕರಪತ್ರ ನೋಡಿ ಓಕ್ಲಹೋಮಾ ರಾಜ್ಯದ ಗೇಣಿ ರೈತರಾದ ಜೋಡ್ ಮನೆಯವರು ಹೊರಡುತ್ತಾರೆ. ದಾರಿಯಲ್ಲಿ ಒಂದು ರಾತ್ರಿ ಹರಕು ಬಟ್ಟೆಯ ಮನುಷ್ಯನೊಬ್ಬ ಸಿಗುತ್ತಾನೆ. ಅವನು ಆ ಕಡೆಯಿಂದ ವಾಪಸ್ ಬರುತ್ತಿರುವವನು. ಕರಪತ್ರದ ಗುಟ್ಟನ್ನು ಅವನು ಬಿಡಿಸಿ ಹೇಳುತ್ತಾನೆ. ಮಾಲೀಕನಿಗೆ ಬೇಕಿರುವುದು 800 ಜನ. ಅವನು ಹಾಕಿಸುವುದು 5000 ಕರಪತ್ರ. ಅದನ್ನು ಓದುವವರು 20,000 ಜನ ಇರಬಹುದು. ಅದರಲ್ಲಿ ಎರಡು ಮೂರು ಸಾವಿರ ಜನ ಗಂಟುಮೂಟೆ ಕಟ್ಟಿ ಹೊರಟರೂ ಸಾಕು, 800 ಕೆಲಸಕ್ಕೆ ಹಸಿದ ಹೊಟ್ಟೆಗಳ ಸಾಲು ನಿಲ್ಲುತ್ತದೆ. ಆಗ ಕೂಲಿ ಎಷ್ಟು ಬೇಕಾದರೂ ಇಳಿಸಬಹುದು. ಇಷ್ಟು ಹೇಳುವ ಹೊತ್ತಿಗೆ ಆ ಮನುಷ್ಯ ತನ್ನ ಹೆಂಡತಿ, ಮಕ್ಕಳನ್ನು ಹಸಿವಿಗೆ ಕಳೆದುಕೊಂಡಿರುತ್ತಾನೆ. ಕೇಳಿದವರಿಗೆ ನಂಬಲು ಮನಸ್ಸಿಲ್ಲ. ಮನೆ ಮಾರಿ ಹೊರಟವರು ನಂಬಿ ಏನು ಮಾಡಬೇಕು ಹೇಳಿ?

ಮುಂದೆ ಪೀಚ್ ತೋಟದಲ್ಲಿ ಅದೇ ಲೆಕ್ಕ ಕಣ್ಣೆದುರು ನಡೆಯುತ್ತದೆ. ಒಂದು ಡಬ್ಬಕ್ಕೆ ಐದು ಸೆಂಟ್ ಕೂಲಿ. ಹೊರಗೆ ಮುಷ್ಕರ ಇರುವುದರಿಂದಲೇ ಅಷ್ಟು ಸಿಗುತ್ತಿದೆ ಅನ್ನುವುದು ಜೋಡ್ ಕುಟುಂಬಕ್ಕೆ ಗೊತ್ತಿರುವುದಿಲ್ಲ. ಮುಷ್ಕರ ಮುರಿದ ಕೂಡಲೇ ಕೂಲಿ ಎರಡೂವರೆ ಸೆಂಟ್‌ಗೆ ಇಳಿಯುತ್ತದೆ.

ಕೀನೋ ಮುತ್ತು ಮಾರಲು ಹೋದಾಗಲೂ ಹೀಗೇ. ಊರಿನಲ್ಲಿ ಮುತ್ತು ಕೊಳ್ಳುವವರು ಬೇರೆ ಬೇರೆ ಕಚೇರಿಯಲ್ಲಿ ಕೂತಿರುತ್ತಾರೆ. ಒಬ್ಬ ಸಾವಿರ ಪೆಸೊ ಅನ್ನುತ್ತಾನೆ, ಇನ್ನೊಬ್ಬ ಐನೂರು ಅನ್ನುತ್ತಾನೆ, ಮತ್ತೊಬ್ಬನಿಗೆ ಅದು ಬೇಡವೇ ಬೇಡ. ಹೊರಗಿನಿಂದ ನೋಡಿದರೆ ಪೈಪೋಟಿ ಇದ್ದ ಹಾಗೆ ಕಾಣುತ್ತದೆ. ನಿಜದಲ್ಲಿ ಎಲ್ಲರಿಗೂ ಧಣಿ ಒಬ್ಬನೇ. ಐವತ್ತು ಸಾವಿರ ಬಾಳುತ್ತದೆ ಅಂತ ಕೀನೋ ಎಷ್ಟು ಹಟ ಹಿಡಿದರೂ ಕೇಳುವವರಿಲ್ಲ.

ಜಾರ್ಜ್ ಮತ್ತು ಲೆನ್ನಿಗೆ ಆ ಹೊಲ ನಿಜಕ್ಕೂ ಸಿಗುವ ಹಾಗಿತ್ತಾ?

ಈ ಪ್ರಶ್ನೆಯನ್ನು ಜಾಸ್ತಿ ಜನ ಕೇಳುತ್ತಾರೆ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ ಇಬ್ಬರ ಕೈಯಲ್ಲೂ ಸೇರಿ ಇರುವುದು ಹತ್ತು ಡಾಲರ್. ಹೊಲದ ಮಾತು ಆಗ ಬರೀ ಜೋಗುಳ. ಲೆನ್ನಿ ದೊಡ್ಡ ದೇಹದ, ಮಗುವಿನ ಬುದ್ಧಿಯ ಮನುಷ್ಯ. ಅವನು ಕೇಳುತ್ತಾನೆ, ಜಾರ್ಜ್ ಹೇಳುತ್ತಾನೆ. ಹೇಳಿ ಹೇಳಿ ಇಬ್ಬರಿಗೂ ಅದು ಬಾಯಿಪಾಠ ಆಗಿದೆ.

ಆಮೇಲೆ ಕ್ಯಾಂಡಿ ಬರುತ್ತಾನೆ. ವಯಸ್ಸಾದ ಆಳು, ಅದೇ ತೋಟದ ಕೆಲಸದಲ್ಲಿ ಒಂದು ಕೈ ಹೋಗಿದೆ. ಆ ಕೈಗೆ ಪರಿಹಾರವಾಗಿ ಬಂದದ್ದು 250 ಡಾಲರ್. ಬ್ಯಾಂಕಿನಲ್ಲಿ ಇನ್ನೂ 50 ಇದೆ, ತಿಂಗಳ ಕೊನೆಗೆ ಮತ್ತೆ 50 ಬರುತ್ತದೆ. ಒಟ್ಟು 350. ಜಾರ್ಜ್ ಕಣ್ಣಿಟ್ಟಿರುವ ಹೊಲದ ಬೆಲೆ 600. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಒಂದು ಕಾಸೂ ಖರ್ಚು ಮಾಡದೆ ದುಡಿದರೆ 100. ಸೇರಿದರೆ 450. ಅಷ್ಟು ಕೊಟ್ಟು ಹೊಲ ಹಿಡಿಯಬಹುದು, ಉಳಿದದ್ದನ್ನು ದುಡಿದು ತೀರಿಸಬಹುದು. ಲೆಕ್ಕ ಸರಿ ಬರುತ್ತದೆ! ಮೂವರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಜಾಗಕ್ಕೆ ಬಂದಾಗ ಓದುವವರಿಗೂ ಆಸೆ ಹುಟ್ಟುತ್ತದೆ.

ಆ ಹಣದ ಮುಕ್ಕಾಲು ಭಾಗ ಬಂದದ್ದು ಒಬ್ಬ ಮುದುಕನ ತುಂಡಾದ ಕೈಯಿಂದ ಮತ್ತು ಅವನ ಉಳಿತಾಯದಿಂದ ಅನ್ನುವುದನ್ನು ಮರೆಯಬೇಡಿ. ಇಬ್ಬರು ಗಟ್ಟಿ ಆಳುಗಳು ಊರೂರು ಸುತ್ತಿ ದುಡಿದರೂ ಹತ್ತು ಡಾಲರ್ ಮೀರಲಿಲ್ಲ. ಕೈ ಕಳೆದುಕೊಂಡವನ ಹತ್ತಿರ ಮಾತ್ರ ಬಂಡವಾಳ ಇದೆ. ಆ ದುಡಿಮೆಗೆ ಎಷ್ಟು ಬೆಲೆ ಇತ್ತು ಅನ್ನುವುದನ್ನು ಸ್ಟೈನ್‌ಬೆಕ್ ಬೇರೆ ಯಾವ ಭಾಷಣವೂ ಇಲ್ಲದೆ ಹೇಳಿಬಿಡುತ್ತಾರೆ.

ಹಾಗಾದರೆ ಸಿಗುತ್ತಿತ್ತಾ? ಕುದುರೆಲಾಯದಲ್ಲಿ ಒಬ್ಬನೇ ಮಲಗುವ ಕಪ್ಪು ಆಳು ಕ್ರೂಕ್ಸ್ ಇಲ್ಲ ಅನ್ನುತ್ತಾನೆ. ಹೆಗಲ ಮೇಲೆ ಗಂಟು, ತಲೆಯಲ್ಲಿ ಒಂದು ತುಂಡು ನೆಲ ಹೊತ್ತುಕೊಂಡು ಬಂದು ಹೋದ ನೂರಾರು ಜನರನ್ನು ಅವನು ನೋಡಿದ್ದಾನೆ. ಒಬ್ಬರಿಗೂ ಸಿಕ್ಕಿಲ್ಲ. ಆದರೂ ಕ್ಯಾಂಡಿಯ ಹಣದ ಲೆಕ್ಕ ಕೇಳಿದ ಮೇಲೆ ಇದೇ ಕ್ರೂಕ್ಸ್, 'ಕೂಲಿ ಬೇಡ, ಊಟ ಹಾಕಿದರೆ ಸಾಕು, ನಾನೂ ಬಂದು ಕೆಲಸ ಮಾಡಲಾ' ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ತೋಟದ ಧಣಿಯ ಮಗ ಕರ್ಲಿಯ ಹೆಂಡತಿ ಬಂದು ಅವನ ಬಣ್ಣ ಏನು, ಅವನ ಜಾಗ ಯಾವುದು ಅಂತ ನೆನಪಿಸುತ್ತಾಳೆ. ತಾನೊಂದು ಮಾತು ಹೇಳಿದರೆ ಅವನನ್ನು ಮರಕ್ಕೆ ನೇತುಹಾಕುತ್ತಾರೆ ಅನ್ನುವ ಬೆದರಿಕೆ ಅದು. ಆಮೇಲೆ ಕ್ರೂಕ್ಸ್ ತನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಾನೆ, ಸುಮ್ನೆ ತಮಾಷೆಗೆ ಹೇಳಿದೆ ಅಂತ. ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಕಡಿಮೆ ಹೊತ್ತು ಬದುಕಿದ ಕನಸು ಅದು.

ಕೊನೆಗೆ ಜಾರ್ಜ್ ಕೂಡ, ಇದು ಆಗುವುದಿಲ್ಲ ಅಂತ ತನಗೆ ಮೊದಲಿನಿಂದ ಗೊತ್ತಿತ್ತೇನೋ, ಲೆನ್ನಿ ಅಷ್ಟು ಆಸೆಯಿಂದ ಕೇಳುತ್ತಿದ್ದರಿಂದ ತಾನೂ ನಂಬತೊಡಗಿದೆ ಅಂತ ಒಪ್ಪಿಕೊಳ್ಳುತ್ತಾನೆ. ನಾನು ಅವನ ಮಾತನ್ನು ಪೂರ್ತಿ ನಂಬುವುದಿಲ್ಲ. ಲೆನ್ನಿಯ ಕೈಯಲ್ಲಿ ಸತ್ತ ಕರ್ಲಿಯ ಹೆಂಡತಿಯ ಹೆಣದ ಮುಂದೆ ನಿಂತು ಆಡಿದ ಮಾತು ಅದು. ಆ ಸಂಜೆ ಲೆಕ್ಕ ಸರಿ ಬಂದಾಗ ಅವನ ಮುಖದಲ್ಲಿ ಕಂಡ ಬೆರಗು ಸುಳ್ಳಾಗಿರಲಿಲ್ಲ.

ಕರ್ಲಿಯ ಹೆಂಡತಿಗೆ ಹೆಸರೇ ಇಲ್ಲ, ಯಾಕೆ?

ಆ ತೋಟದಲ್ಲಿ ಅವಳನ್ನು ಒಬ್ಬ ಮನುಷ್ಯಳು ಅಂತ ಯಾರೂ ನೋಡುವುದಿಲ್ಲ. ಧಣಿಯ ಮಗನ ಸೊತ್ತು, ದೂರ ಇಡಬೇಕಾದ ಅಪಾಯ, ಅಷ್ಟೇ. ಅವಳಿಗೂ ಒಂದು ಕನಸಿತ್ತು. ಸಿನಿಮಾಕ್ಕೆ ಸೇರಿಸುತ್ತೇನೆ, ಹಾಲಿವುಡ್‌ಗೆ ಹೋದ ಕೂಡಲೇ ಕಾಗದ ಬರೆಯುತ್ತೇನೆ ಅಂದಿದ್ದ ಒಬ್ಬ. ಕಾಗದ ಬರಲೇ ಇಲ್ಲ. ಅಮ್ಮನೇ ಕದ್ದಿಟ್ಟಿರಬೇಕು ಅಂತ ಅವಳು ಇವತ್ತಿಗೂ ನಂಬಿದ್ದಾಳೆ. ಆ ಸಿಟ್ಟಿನಲ್ಲೇ ಕರ್ಲಿಯನ್ನು ಮದುವೆ ಆಗಿದ್ದು. ಇದನ್ನೆಲ್ಲ ಅವಳು ಹೇಳಿಕೊಳ್ಳುವುದು ಲೆನ್ನಿಗೆ, ಸಾಯುವ ಸ್ವಲ್ಪ ಮುಂಚೆ. ಅವನ ತಲೆಯಲ್ಲಿ ಮೊಲ ಬಿಟ್ಟು ಬೇರೇನೂ ಇಲ್ಲ. ಇಬ್ಬರೂ ತಮ್ಮ ತಮ್ಮ ಕನಸನ್ನು ಹೇಳುತ್ತಲೇ ಇರುತ್ತಾರೆ, ಒಬ್ಬರದ್ದು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ.

ಹೆಂಗಸರ ಕನಸಿನ ಬಗ್ಗೆ ಬೇರೆ ಕತೆ ಇದೆಯಾ?

'ದಿ ಕ್ರಿಸಾಂಥೆಮಮ್ಸ್' ಓದಿ. 1937ರಲ್ಲಿ ಪತ್ರಿಕೆಯಲ್ಲಿ ಬಂದ ಸಣ್ಣಕತೆ. ಎಲೈಸಾ ಆಲೆನ್ ಅನ್ನುವವಳು ಸಲೀನಾಸ್ ಕಣಿವೆಯಲ್ಲಿ ಸೇವಂತಿಗೆ ಬೆಳೆಯುತ್ತಾಳೆ. ಕೈಗುಣ ಇರುವ ಹೆಂಗಸು. ಪಾತ್ರೆ ರಿಪೇರಿ ಮಾಡುತ್ತ ಗಾಡಿಯಲ್ಲಿ ಊರೂರು ತಿರುಗುವವನೊಬ್ಬ ಬರುತ್ತಾನೆ. ಕೊಡಲು ಕೆಲಸ ಇಲ್ಲ ಅಂದರೂ ಹೋಗುವುದಿಲ್ಲ. ಹೂವಿನ ಬಗ್ಗೆ ಕೇಳುತ್ತಾನೆ. ಮುಂದಿನ ಊರಿನಲ್ಲಿ ಒಬ್ಬರು ಸಸಿ ಕೇಳಿದ್ದರು ಅನ್ನುತ್ತಾನೆ. ಅವಳ ಮುಖ ಅರಳುತ್ತದೆ. ಹೊಸ ಕೆಂಪು ಕುಂಡದಲ್ಲಿ ಒದ್ದೆ ಮರಳು ತುಂಬಿ ಸಸಿ ಇಟ್ಟು ಕೊಡುತ್ತಾಳೆ, ಮೊಗ್ಗು ಚಿವುಟುವುದು ಹೇಗೆ ಅಂತ ಮಂಡಿಯೂರಿ ಕೂತು ವಿವರಿಸುತ್ತಾಳೆ. ಆಮೇಲೆ ಹಳೇ ಪಾತ್ರೆ ಎರಡನ್ನು ಹುಡುಕಿ ತಂದು ಅವನಿಗೆ ಐವತ್ತು ಸೆಂಟಿನ ಕೆಲಸವನ್ನೂ ಕೊಡುತ್ತಾಳೆ. ಸಂಜೆ ಗಂಡನ ಜೊತೆ ಪೇಟೆಗೆ ಹೊರಟಾಗ ದೂರದಲ್ಲಿ ರಸ್ತೆ ಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅವನು ಸಸಿಯನ್ನು ಅಲ್ಲೇ ಸುರಿದು ಹೋಗಿದ್ದಾನೆ. ಕುಂಡ ಮಾತ್ರ ಇಟ್ಟುಕೊಂಡಿದ್ದಾನೆ.

ಇಲ್ಲಿ ಹಸಿವಿಲ್ಲ, ಬಡತನವಿಲ್ಲ. ಗಂಡನೂ ಕೆಟ್ಟವನಲ್ಲ. ಆದರೂ ಈ ಕತೆ ನನ್ನನ್ನು ದೊಡ್ಡ ಕಾದಂಬರಿಗಳಿಗಿಂತ ಜಾಸ್ತಿ ಕಾಡಿದೆ.

ಜೋಡ್ ಕುಟುಂಬ ಊರು ಬಿಟ್ಟಿದ್ದು ಧೂಳಿನ ಬಿರುಗಾಳಿಯಿಂದಲೇ ಅಲ್ವಾ?

ಅದು ಅರ್ಧ ಮಾತ್ರ ನಿಜ. 1930ರ ದಶಕದಲ್ಲಿ ಅಮೆರಿಕದ ನಡುಭಾಗದ ಬಯಲುಗಳಲ್ಲಿ ವರ್ಷಗಟ್ಟಲೆ ಮಳೆ ಹೋಯಿತು. ಗೋಧಿ ಬೆಳೆಯುವ ಆಸೆಗೆ ಹುಲ್ಲುಗಾವಲನ್ನೆಲ್ಲ ಉತ್ತು ಹಾಕಿದ್ದರು. ಮಣ್ಣನ್ನು ಹಿಡಿದಿಡುವ ಬೇರು ಉಳಿದಿರಲಿಲ್ಲ. ಗಾಳಿ ಬಂದಾಗ ಹೊಲವೇ ಎದ್ದು ಹೋಯಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಆ ದಿನಕ್ಕೆ 'ಕಪ್ಪು ಭಾನುವಾರ' ಅಂತಲೇ ಹೆಸರು ಬಿತ್ತು. ಕಾದಂಬರಿ ಬಿಡುಗಡೆಯಾದದ್ದೂ ಏಪ್ರಿಲ್ 14ರಂದೇ, ನಾಲ್ಕು ವರ್ಷದ ನಂತರ.

ಆದರೆ ಭೂಪಟ ತೆಗೆದು ನೋಡಿ. ಜೋಡ್‌ಗಳ ಊರು ಸಾಲಿಸಾ, ಓಕ್ಲಹೋಮಾದ ಪೂರ್ವದ ತುದಿಯಲ್ಲಿದೆ. ಧೂಳಿನ ಹೊಡೆತ ಜೋರಾಗಿದ್ದದ್ದು ಪಶ್ಚಿಮದ ಮೂಲೆಯಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಹೋದ ಜನರಲ್ಲಿ ತುಂಬ ಮಂದಿ ಪೂರ್ವ ಭಾಗದ ಹತ್ತಿ ಬೆಳೆಯುವ ಗೇಣಿದಾರರು. ಅವರನ್ನು ಎಬ್ಬಿಸಿದ್ದು ಬರ, ಬಿದ್ದುಹೋದ ಹತ್ತಿ ಬೆಲೆ, ಸಾಲ ಮತ್ತು ಟ್ರ್ಯಾಕ್ಟರ್. ಬೆಲೆ ಏರಲಿ ಅಂತ ಸರ್ಕಾರ ಹತ್ತಿ ಬೆಳೆಯದೆ ಇರುವುದಕ್ಕೆ ಹಣ ಕೊಟ್ಟಿತು. ಆ ಹಣ ಹೆಚ್ಚಾಗಿ ಸೇರಿದ್ದು ಜಮೀನುದಾರರಿಗೆ. ಗೇಣಿದಾರರನ್ನು ಬಿಡಿಸಿ ಟ್ರ್ಯಾಕ್ಟರ್ ತರುವುದು ಲಾಭವಾಯಿತು. ಆ ದಶಕದಲ್ಲಿ ಓಕ್ಲಹೋಮಾ ಮತ್ತು ಸುತ್ತಲ ರಾಜ್ಯಗಳಿಂದ ಮೂರು ಲಕ್ಷಕ್ಕೂ ಹೆಚ್ಚು ಜನ ಕ್ಯಾಲಿಫೋರ್ನಿಯಾಕ್ಕೆ ಹೋದರು.

ಸ್ಟೈನ್‌ಬೆಕ್ ಕಾದಂಬರಿ ಶುರು ಮಾಡುವುದು ಧೂಳಿನಿಂದ ನಿಜ. ಆದರೆ ಐದನೇ ಅಧ್ಯಾಯಕ್ಕೆ ಬಂದರೆ ಮನೆ ಕೆಡವುವುದು ಟ್ರ್ಯಾಕ್ಟರ್. ಓಡಿಸುತ್ತಿರುವವನು ಅದೇ ಊರಿನ ಹುಡುಗ, ದಿನಕ್ಕೆ ಮೂರು ಡಾಲರ್ ಸಂಬಳ. ನಿನ್ನನ್ನು ಗುಂಡಿಟ್ಟು ಕೊಲ್ಲುತ್ತೇನೆ ಅನ್ನುತ್ತಾನೆ ರೈತ. ನಾನು ಸತ್ತರೆ ಬೇರೆಯವನು ಬರುತ್ತಾನೆ ಅನ್ನುತ್ತಾನೆ ಹುಡುಗ. ಹಾಗಾದರೆ ನಿನಗೆ ಅಪ್ಪಣೆ ಕೊಟ್ಟವನನ್ನು ಕೊಲ್ಲುತ್ತೇನೆ. ಅವನಿಗೆ ಬ್ಯಾಂಕ್ ಅಪ್ಪಣೆ ಕೊಟ್ಟಿದೆ. ಬ್ಯಾಂಕಿಗೆ ಪೂರ್ವದ ಕಡೆಯಿಂದ ಅಪ್ಪಣೆ ಬರುತ್ತದೆ. ಕೇಳುತ್ತ ಹೋದರೆ ಯಾರೂ ಸಿಗುವುದಿಲ್ಲ. ರೈತನ ಕೈಯಲ್ಲಿ ಬಂದೂಕು ಇದೆ, ಗುರಿ ಇಡಲು ಮನುಷ್ಯನಿಲ್ಲ.

ಇಷ್ಟೊಂದು ದುಃಖ ಓದಬೇಕಾ? ಬೆಳಕೇ ಇಲ್ವಾ?

ಇದೆ, ಬಡವರ ಕೈಯಲ್ಲೇ ಇದೆ. ಪೀಚ್ ತೋಟದ ಅಂಗಡಿಯ ಪ್ರಸಂಗ ನೋಡಿ. ಇಡೀ ಸಂಸಾರ ಹಣ್ಣು ಕಿತ್ತು ಒಂದು ಡಾಲರ್ ದುಡಿದಿದೆ. ಮಾ ಆ ಚೀಟಿ ಹಿಡಿದು ತೋಟದವರದ್ದೇ ಅಂಗಡಿಗೆ ಹೋಗುತ್ತಾಳೆ. ಹೊರಗಿನ ಪೇಟೆಗಿಂತ ಅಲ್ಲಿ ಎಲ್ಲ ದುಬಾರಿ. ಪೇಟೆಗೆ ಹೋಗಿ ಬರಲು ಪೆಟ್ರೋಲ್ ಬೇಕು, ಹಾಗಾಗಿ ಅಲ್ಲೇ ಕೊಳ್ಳಬೇಕು. ಅಂಗಡಿಯವನು ಮೊದಮೊದಲು ಹಲ್ಲು ಕಿರಿದು ಕುಹಕ ಆಡುತ್ತಾನೆ. ಮಾಂಸ, ಬ್ರೆಡ್, ಆಲೂಗಡ್ಡೆ, ಕಾಫಿಪುಡಿ ತೆಗೆದುಕೊಳ್ಳುವ ಹೊತ್ತಿಗೆ ಡಾಲರ್ ಮುಗಿಯುತ್ತದೆ. ಆಗ ಸಕ್ಕರೆ ನೆನಪಾಗುತ್ತದೆ. ಮನೆಯವರು ತೋಟದಲ್ಲಿ ಇನ್ನೂ ಕೀಳುತ್ತಲೇ ಇದ್ದಾರೆ, ಹತ್ತು ಸೆಂಟಿನ ಸಕ್ಕರೆ ಸಾಲ ಕೊಡು ಅಂತ ಕೇಳುತ್ತಾಳೆ. ಆಗುವುದಿಲ್ಲ, ಹಾಗೆ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಅನ್ನುತ್ತಾನೆ. ಅವಳು ಅವನನ್ನೇ ನೋಡುತ್ತ ನಿಲ್ಲುತ್ತಾಳೆ. ಅವನು ತನ್ನ ಜೇಬಿನಿಂದ ಹತ್ತು ಸೆಂಟ್ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕುತ್ತಾನೆ.

ಬಾಗಿಲ ಹತ್ತಿರ ಹೋಗಿ ಮಾ ತಿರುಗಿ ಹೇಳುವ ಮಾತು ಪ್ರಸಿದ್ಧವಾಗಿದೆ. ಕಷ್ಟ ಬಂದರೆ ಬಡವರ ಹತ್ತಿರ ಹೋಗಬೇಕು, ಸಹಾಯ ಮಾಡುವವರು ಅವರೊಬ್ಬರೇ ಅನ್ನುವುದು ಅದರ ಸಾರ. ನನಗೆ ಆ ಮಾತಿಗಿಂತ ಗಲ್ಲಾಪೆಟ್ಟಿಗೆಗೆ ಬಿದ್ದ ಆ ಹತ್ತು ಸೆಂಟೇ ದೊಡ್ಡದು. ಅವನೂ ಆ ತೋಟದ ಸಂಬಳದ ಆಳು, ಇವರ ಥರವೇ ಹೆದರಿಕೊಂಡು ಬದುಕುವವನು.

'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ಕೊನೆಯ ದೃಶ್ಯ ಅತಿಯಾಯಿತು ಅನ್ನುತ್ತಾರಲ್ಲ?

ಅನ್ನುತ್ತಾರೆ. ಹೊರಟಾಗ ಹಳೇ ಹಡ್ಸನ್ ಗಾಡಿಯಲ್ಲಿ ಹದಿಮೂರು ಜನ, ಮಾಜಿ ಪಾದ್ರಿ ಕೇಸಿಯನ್ನೂ ಸೇರಿಸಿ. ಮೊದಲ ರಾತ್ರಿಯೇ ಅಜ್ಜ ಹೋಗುತ್ತಾನೆ. ಮರುಭೂಮಿ ದಾಟುವಾಗ ಅಜ್ಜಿ ಹೋಗುತ್ತಾಳೆ. ಹಿರಿಯ ಮಗ ನೋವಾ ನದಿ ಹತ್ತಿರ ಉಳಿದುಬಿಡುತ್ತಾನೆ. ರಾತ್ರಿ ಓದಿ ರೇಡಿಯೋ ಕೆಲಸ ಕಲಿಯುತ್ತೇನೆ ಅಂತಿದ್ದ ಅಳಿಯ ಕಾನಿ, ಬಸುರಿ ಹೆಂಡತಿ ರೋಸ್ ಆಫ್ ಶಾರನ್‌ಳನ್ನು ಬಿಟ್ಟು ಓಡಿಹೋಗುತ್ತಾನೆ. ಕೇಸಿಯನ್ನು ಹೊಡೆದು ಕೊಲ್ಲುತ್ತಾರೆ. ಇನ್ನೊಬ್ಬ ಮಗ ಟಾಮ್ ತಲೆಮರೆಸಿಕೊಳ್ಳುತ್ತಾನೆ. ಕೊನೆಗೆ ನೆರೆಯಿಂದ ತಪ್ಪಿಸಿಕೊಂಡು ಒಂದು ಕೊಟ್ಟಿಗೆ ಸೇರುವಾಗ ಉಳಿದವರು ಆರು ಜನ. ರೋಸ್ ಆಫ್ ಶಾರನ್‌ಳ ಮಗು ಸತ್ತೇ ಹುಟ್ಟಿದೆ. ಕೊಟ್ಟಿಗೆಯಲ್ಲಿ ಹಸಿವಿನಿಂದ ಸಾಯುತ್ತಿರುವ ಒಬ್ಬ ಅಪರಿಚಿತ ಇದ್ದಾನೆ. ಅವಳು ತನ್ನ ಎದೆಹಾಲು ಕುಡಿಸಿ ಅವನನ್ನು ಉಳಿಸಲು ನೋಡುತ್ತಾಳೆ.

ಸಂಪಾದಕ ಪ್ಯಾಸ್ಕಲ್ ಕೊವಿಚಿಗೆ ಕೂಡ ಇದು ಸರಿ ಅನ್ನಿಸಲಿಲ್ಲ. ಆ ಮನುಷ್ಯನ ಪರಿಚಯವನ್ನಾದರೂ ಮೊದಲೇ ಮಾಡಿಸಿ ಅಂತ ಕೇಳಿದರು. ಸ್ಟೈನ್‌ಬೆಕ್ ಒಪ್ಪಲಿಲ್ಲ. ಅವನು ಅಪರಿಚಿತನಾಗಿಯೇ ಇರಬೇಕು ಅಂದರು. ಅದೇ ಸರಿ ಅಂತ ನನಗೂ ಅನ್ನಿಸುತ್ತದೆ. ಪುಸ್ತಕದುದ್ದಕ್ಕೂ ತನ್ನ ಹೊಟ್ಟೆ, ತನ್ನ ಮಗು ಅಂತಿದ್ದ ಹುಡುಗಿ ಅವಳು. ಪರಿಚಯದವನಾಗಿದ್ದರೆ ಅದು ನೆರೆಹೊರೆಯ ಉಪಕಾರ ಆಗುತ್ತಿತ್ತು.

ಸ್ಟೈನ್‌ಬೆಕ್ ಇದನ್ನೆಲ್ಲ ಕಣ್ಣಾರೆ ನೋಡಿದ್ದರಾ?

ನೋಡಿದ್ದರು. ಹುಡುಗನಾಗಿದ್ದಾಗಲೇ ಸಲೀನಾಸ್ ಸುತ್ತಲ ತೋಟಗಳಲ್ಲಿ, ಸಕ್ಕರೆ ಕಂಪನಿಯಲ್ಲಿ ಕೆಲಸ ಮಾಡಿದ್ದರು. ನ್ಯೂಯಾರ್ಕ್‌ಗೆ ಹೋಗಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ, ಸಿಮೆಂಟ್ ಹೊತ್ತಿದ್ದರು. ಬರಹಗಾರ ಆಗುವ ಆಸೆ ಅಲ್ಲಿ ನಡೆಯದೆ ವಾಪಸ್ ಬಂದರು. 1929ರಲ್ಲಿ ಬಂದ ಮೊದಲ ಕಾದಂಬರಿ ಹೆಸರು ಮಾಡಲಿಲ್ಲ. ಮದುವೆ ಆದ ಮೇಲೂ ಅಪ್ಪ ಕೊಡುವ ತಿಂಗಳ ದುಡ್ಡಿನಲ್ಲಿ, ಅಪ್ಪನದೇ ಚಿಕ್ಕ ಮನೆಯಲ್ಲಿ ಇದ್ದರು.

1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯೊಂದಕ್ಕೆ ವಲಸೆ ಕೂಲಿಗಳ ಬಗ್ಗೆ ಏಳು ಲೇಖನ ಬರೆದರು. ಆಗ ದಾರಿ ತೋರಿಸಿದವರು ಟಾಮ್ ಕಾಲಿನ್ಸ್, ಆರ್ವಿನ್ ಹತ್ತಿರದ ಸರ್ಕಾರಿ ಶಿಬಿರದ ಮೇಲ್ವಿಚಾರಕ. ಕಾದಂಬರಿಯಲ್ಲಿ ಬರುವ ವೀಡ್‌ಪ್ಯಾಚ್ ಶಿಬಿರ ಅದೇ. 1938ರ ಫೆಬ್ರವರಿಯಲ್ಲಿ ವೈಸೇಲಿಯಾ ಸುತ್ತ ನೆರೆ ಬಂದು ಕೂಲಿ ಕುಟುಂಬಗಳು ನೀರಿನ ನಡುವೆ ಹಸಿದು ಕೂತಿದ್ದಾಗ ಸ್ಟೈನ್‌ಬೆಕ್ ಅಲ್ಲಿಗೂ ಹೋದರು. ಕಾದಂಬರಿಯ ಕೊನೆಯ ನೆರೆ ಅಲ್ಲಿಂದ ಬಂದದ್ದು.

ಅದರ ನಡುವೆ ಧಣಿಗಳನ್ನು ಗೇಲಿ ಮಾಡುವ ಒಂದು ಕಾದಂಬರಿ ಬರೆದು, ಇದು ಕೆಟ್ಟ ಪುಸ್ತಕ ಅಂತ ತಾವೇ ನಾಶ ಮಾಡಿದರು. ಆಮೇಲೆ 1938ರ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಸುಮಾರು ಐದು ತಿಂಗಳಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಬರೆದು ಮುಗಿಸಿದರು. ಪುಸ್ತಕಕ್ಕೆ ಹೆಸರು ಸೂಚಿಸಿದ್ದು ಹೆಂಡತಿ ಕ್ಯಾರಲ್. ಅರ್ಪಣೆ ಇರುವುದು ಕ್ಯಾರಲ್ ಮತ್ತು ಟಾಮ್ ಕಾಲಿನ್ಸ್ ಇಬ್ಬರಿಗೆ.

ಪುಸ್ತಕ ಸುಟ್ಟರು ಅನ್ನುವುದು ನಿಜವಾ?

ನಿಜ. 1939ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ ತನ್ನ ಶಾಲೆ, ಗ್ರಂಥಾಲಯಗಳಲ್ಲಿ ಅದನ್ನು ನಿಷೇಧಿಸಿತು. ಜೋಡ್‌ಗಳು ತಂಗಿದ ಶಿಬಿರ ಇರುವುದು ಅದೇ ಕೌಂಟಿಯಲ್ಲಿ. ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ಇದು ತಪ್ಪು ಅಂತ ತಮ್ಮ ಮೇಲಿನವರಿಗೇ ಪತ್ರ ಬರೆದರು. ಬೇಕರ್ಸ್‌ಫೀಲ್ಡ್‌ನಲ್ಲಿ, ಸ್ಟೈನ್‌ಬೆಕ್ ಹುಟ್ಟಿದ ಸಲೀನಾಸ್‌ನಲ್ಲೂ ಪ್ರತಿಗಳನ್ನು ಸುಟ್ಟರು. ಅದೇ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಕಾದಂಬರಿಯೂ ಅದೇ. 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಶಿಬಿರಗಳನ್ನು ಸುತ್ತಿ ಬಂದು, ಪುಸ್ತಕದಲ್ಲಿ ಉತ್ಪ್ರೇಕ್ಷೆ ಇದೆ ಅಂತ ತನಗೆ ಯಾವತ್ತೂ ಅನ್ನಿಸಿರಲಿಲ್ಲ ಅಂದರು.

ಅವರು ಬಿಟ್ಟುಬಿಟ್ಟ ಜನ ಯಾರಾದರೂ ಇದ್ದಾರಾ?

ಇದ್ದಾರೆ, ಇದನ್ನು ಮುಚ್ಚಿಡಬಾರದು. ಓಕ್ಲಹೋಮಾದವರು ಬರುವ ಮೊದಲು ಕ್ಯಾಲಿಫೋರ್ನಿಯಾದ ತೋಟಗಳನ್ನು ಬೆವರು ಸುರಿಸಿ ನಡೆಸಿದ್ದು ಚೀನಾ, ಜಪಾನ್, ಫಿಲಿಪೀನ್ಸ್, ಮೆಕ್ಸಿಕೊ ಮೂಲದ ಕೂಲಿಗಳು. ಆರ್ಥಿಕ ಕುಸಿತ ಶುರುವಾದ ಮೇಲೆ ಮೆಕ್ಸಿಕೊದ ಜನರನ್ನು ರೈಲಿಗೆ ಹತ್ತಿಸಿ ವಾಪಸ್ ಕಳಿಸಿದರು. ಪತ್ರಿಕೆಯ ಲೇಖನಗಳಲ್ಲಿ ಸ್ಟೈನ್‌ಬೆಕ್ ಇವರ ಬಗ್ಗೆ ಬರೆದಿದ್ದಾರೆ. ದೊಡ್ಡ ಕಾದಂಬರಿಯಲ್ಲಿ ಮಾತ್ರ ಅವರಿಗೆ ಮುಖವೇ ಇಲ್ಲದ ಹಾಗಾಗಿದೆ.

ಇನ್ನೊಂದು ಹೆಸರು ಸನೋರಾ ಬ್ಯಾಬ್. ಓಕ್ಲಹೋಮಾದಲ್ಲಿ ಹುಟ್ಟಿದವರು. ಟಾಮ್ ಕಾಲಿನ್ಸ್ ಜೊತೆ ಶಿಬಿರಗಳಲ್ಲಿ ಕೆಲಸ ಮಾಡಿ, ದಿನದಿನದ ಟಿಪ್ಪಣಿ ಬರೆದಿಟ್ಟವರು. ಕಾಲಿನ್ಸ್ ಆ ಟಿಪ್ಪಣಿಗಳನ್ನು ಸ್ಟೈನ್‌ಬೆಕ್‌ಗೂ ಕೊಟ್ಟಿದ್ದರು. ಬ್ಯಾಬ್ ಕೂಡ ಇದೇ ವಲಸಿಗರ ಬಗ್ಗೆ ಕಾದಂಬರಿ ಬರೆಯುತ್ತಿದ್ದರು, ಪ್ರಕಾಶಕರೂ ಸಿಕ್ಕಿದ್ದರು. ಅಷ್ಟರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಬಂದು ಗೆದ್ದುಬಿಟ್ಟಿತು. ಒಂದೇ ವಿಷಯಕ್ಕೆ ಎರಡು ಪುಸ್ತಕ ಓಡುವುದಿಲ್ಲ ಅಂತ ಪ್ರಕಾಶಕರು ಬ್ಯಾಬ್ ಅವರ ಕಾದಂಬರಿಯನ್ನು ಬದಿಗಿಟ್ಟರು. 'ಹೂಸ್ ನೇಮ್ಸ್ ಆರ್ ಅನ್‌ನೋನ್' ಅಚ್ಚಾದದ್ದು 2004ರಲ್ಲಿ. ಸ್ಟೈನ್‌ಬೆಕ್‌ರನ್ನು ಪ್ರೀತಿಸುವವರು ಅದನ್ನೂ ಓದಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ.

ದುಡ್ಡು ಬಂದರೆ ಇವರ ಪಾತ್ರಗಳ ಕಷ್ಟ ತೀರುತ್ತಾ?

'ಈಸ್ಟ್ ಆಫ್ ಈಡನ್' (1952) ಓದಿದರೆ ಇಲ್ಲ ಅನ್ನಿಸುತ್ತದೆ. ಆಡಮ್ ಟ್ರಾಸ್ಕ್ ಅನುಕೂಲಸ್ಥ. ಲೆಟ್ಯೂಸ್ ಸೊಪ್ಪನ್ನು ಐಸ್ ಹಾಕಿ ರೈಲಿನಲ್ಲಿ ದೇಶದ ಆ ತುದಿಗೆ ಕಳಿಸುವ ಸಾಹಸ ಮಾಡುತ್ತಾನೆ. ರೈಲು ತಡವಾಗಿ ಎಲ್ಲ ಕೊಳೆಯುತ್ತದೆ. ಊರು ನಗುತ್ತದೆ. ಮಗ ಕ್ಯಾಲ್ ಅಪ್ಪನ ನಷ್ಟ ತುಂಬಿಕೊಡಬೇಕು ಅಂತ ಯುದ್ಧಕಾಲದಲ್ಲಿ ಹುರುಳಿಕಾಯಿ ಬೀಜದ ವ್ಯಾಪಾರ ಮಾಡಿ 15,000 ಡಾಲರ್ ತಂದು ಮುಂದಿಡುತ್ತಾನೆ. ಯುದ್ಧದಲ್ಲಿ ರೈತರಿಂದ ಕಿತ್ತ ಹಣ ಬೇಡ ಅಂತ ಅಪ್ಪ ತಳ್ಳಿಬಿಡುತ್ತಾನೆ. ಹುಡುಗನಿಗೆ ಬೇಕಿದ್ದದ್ದು ಅಪ್ಪನ ಪ್ರೀತಿ. ಆ ಒಂದು ನಿರಾಕರಣೆ ಆ ಮನೆಯನ್ನೇ ಒಡೆಯುತ್ತದೆ.

ಭಾರತಕ್ಕೂ ಸ್ಟೈನ್‌ಬೆಕ್‌ಗೂ ಏನಾದರೂ ನಂಟಿದೆಯಾ?

ಇದೆ, ಅದೂ ಎರಡು. 1933ರ 'ಟು ಎ ಗಾಡ್ ಅನ್‌ನೋನ್' ಕಾದಂಬರಿಯ ಹೆಸರು ಬಂದದ್ದು ಋಗ್ವೇದದಿಂದ. ಹತ್ತನೇ ಮಂಡಲದ ಹಿರಣ್ಯಗರ್ಭ ಸೂಕ್ತದಲ್ಲಿ 'ಕಸ್ಮೈ ದೇವಾಯ ಹವಿಷಾ ವಿಧೇಮ' ಅಂತ ಮತ್ತೆ ಮತ್ತೆ ಬರುತ್ತದಲ್ಲ, ಅದು. ಕಾದಂಬರಿಯಲ್ಲಿ ಜೋಸೆಫ್ ವೇಯ್ನ್ ಕ್ಯಾಲಿಫೋರ್ನಿಯಾದಲ್ಲಿ ನೆಲ ಹಿಡಿಯುತ್ತಾನೆ. ಬರ ಬಂದು ಎಲ್ಲ ಒಣಗುತ್ತದೆ. ಕೊನೆಗೆ ಬಂಡೆಯ ಮೇಲೆ ತನ್ನನ್ನೇ ಬಲಿ ಕೊಡುತ್ತಾನೆ, ಮಳೆ ಬರುತ್ತದೆ.

ಎರಡನೆಯದು ನಮಗೆ ಇನ್ನೂ ಹತ್ತಿರ. 'ಕ್ಯಾನರಿ ರೋ' (1945) ಕಾದಂಬರಿಯಲ್ಲಿ ಡಾಕ್ ತನ್ನ ಹುಟ್ಟುಹಬ್ಬದ ಗಲಾಟೆ ಕೂಟದ ನಡುವೆ ಒಂದು ಕವಿತೆ ಓದುತ್ತಾನೆ. ಮಾರನೇ ದಿನ ತಟ್ಟೆ ಲೋಟ ತೊಳೆಯುತ್ತ ಅದನ್ನೇ ಮತ್ತೆ ಹೇಳಿಕೊಳ್ಳುತ್ತಾನೆ. ಅದು ಬಿಲ್ಹಣನ ಹೆಸರಿನಲ್ಲಿರುವ 'ಚೌರಪಂಚಾಶಿಕಾ'ದ ಇಂಗ್ಲಿಷ್ ರೂಪ. ಬಿಲ್ಹಣ ಕಾಶ್ಮೀರದಿಂದ ಹೊರಟು ಕಲ್ಯಾಣಕ್ಕೆ ಬಂದು ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನ ಕವಿಯಾದವನು, 'ವಿಕ್ರಮಾಂಕದೇವಚರಿತ' ಬರೆದವನು. ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಕಳೆದುಹೋದ ಪ್ರೀತಿಯನ್ನು ಸಾಯುವ ಹೊತ್ತಿನಲ್ಲಿ ನೆನೆಯುವ ಆ ಪದ್ಯಗಳು ಮಾಂಟೆರೆ ಊರಿನ ಮೀನು ಕಾರ್ಖಾನೆಗಳ ಬೀದಿಗೆ ಹೋಗಿ ತಲುಪಿದವು ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಯಾವುದರಿಂದ ಓದಲು ಶುರು ಮಾಡಲಿ?

'ಆಫ್ ಮೈಸ್ ಅಂಡ್ ಮೆನ್', ಆಮೇಲೆ 'ದಿ ಪರ್ಲ್'. ಇಂಗ್ಲಿಷ್ ಸರಳ. ಆಡುಮಾತಿನ ಸಂಭಾಷಣೆ ಮೊದಲ ಕೆಲವು ಪುಟ ತೊಡಕು ಅನ್ನಿಸಿದರೆ ಜೋರಾಗಿ ಓದಿಕೊಳ್ಳಿ, ಸರಿಯಾಗುತ್ತದೆ. 'ದಿ ಗ್ರೇಪ್ಸ್ ಆಫ್ ರಾತ್' ಅನ್ನು ಆಮೇಲೆ ಹಿಡಿಯಿರಿ. ಅದರಲ್ಲಿ ಕತೆಯ ನಡುವೆ ಬರುವ ಚಿಕ್ಕ ಅಧ್ಯಾಯಗಳನ್ನು ಹಾರಿಸಬೇಡಿ. ಟ್ರ್ಯಾಕ್ಟರ್ ಇರುವುದು, ಬೆಲೆ ಬೀಳದಿರಲಿ ಅಂತ ಕಿತ್ತಳೆ ರಾಶಿಗೆ ಸೀಮೆಎಣ್ಣೆ ಸುರಿಯುವುದು, ಎಲ್ಲ ಅಲ್ಲೇ.

ಸಿನಿಮಾ ನೋಡಿದರೆ ಸಾಲದಾ?

ಜಾನ್ ಫೋರ್ಡ್ 1940ರಲ್ಲಿ ತೆಗೆದ 'ದಿ ಗ್ರೇಪ್ಸ್ ಆಫ್ ರಾತ್' ಸಿನಿಮಾ ಒಳ್ಳೆಯದು. ಹೆನ್ರಿ ಫೋಂಡಾ ಟಾಮ್ ಆಗಿದ್ದಾರೆ, ಮಾ ಪಾತ್ರಕ್ಕೆ ಜೇನ್ ಡಾರ್ವೆಲ್‌ಗೆ ಆಸ್ಕರ್ ಬಂತು. ಆದರೆ ಸಿನಿಮಾದಲ್ಲಿ ಘಟನೆಗಳ ಕ್ರಮವೇ ಬದಲಾಗಿದೆ. ಕಾದಂಬರಿಯಲ್ಲಿ ಒಳ್ಳೆಯ ಸರ್ಕಾರಿ ಶಿಬಿರ ಮೊದಲು ಬರುತ್ತದೆ, ಪೀಚ್ ತೋಟ ಆಮೇಲೆ. ಅಂದರೆ ನೀರು, ಶೌಚಾಲಯ, ಮರ್ಯಾದೆ ಎಲ್ಲ ಸಿಕ್ಕಿದ ಜಾಗದಲ್ಲಿ ಕೆಲಸ ಸಿಗದೆ, ಅದನ್ನು ಬಿಟ್ಟು ಕೆಟ್ಟದ್ದಕ್ಕೆ ಇಳಿಯಬೇಕಾಗುತ್ತದೆ. ಸಿನಿಮಾದಲ್ಲಿ ತೋಟ ಮೊದಲು, ಶಿಬಿರ ಆಮೇಲೆ. ಕೊನೆಗೆ ಮಾ ಧೈರ್ಯದ ಮಾತಾಡುತ್ತಾಳೆ, ಗಾಡಿ ಮುಂದೆ ಹೋಗುತ್ತದೆ. ನೆರೆಯಿಲ್ಲ, ಸತ್ತ ಮಗುವಿಲ್ಲ, ಕೊಟ್ಟಿಗೆಯಿಲ್ಲ. ಅದನ್ನಷ್ಟೇ ನೋಡಿದವರಿಗೆ ಕಷ್ಟ ಕಳೆಯಿತೇನೋ ಅನ್ನಿಸುತ್ತದೆ. ಸಿನಿಮಾ ನೋಡಿ, ಆದರೆ ಪುಸ್ತಕದ ಕೊನೆಯ ಐದು ಅಧ್ಯಾಯಗಳನ್ನು ಓದದೆ ಬಿಡಬೇಡಿ.